ಕೆಸರಿನಲ್ಲಿ ನಿಂತ ಎರಡು ಸೈಕಲ್

ನಾನು ಸೈಕಲ್ ಆರಿಸುವ ಹಿಂದಿನ ದಿನ ನಮ್ಮ ಕಾಕಾ ಖಾಲಿ ಹೊಲಕ್ಕೆ ನೀರು ಬಿಟ್ಟರು.

ಜೋಳ ಕಿತ್ತು ತಿಂಗಳಾಗಿತ್ತು. ಏಪ್ರಿಲ್ ಬಿಸಿಲು. ನನ್ನ ತವರು ಹೂವಿನ ಹಿಪ್ಪರಗಿಯ ಕಪ್ಪು ಎರೆ ಹೊಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಕಾಕಾ ಬೋರು ಚಾಲೂ ಮಾಡಿ, ಹೊಲದೊಳಗಿನ ಬಂಡಿ ದಾರಿ ಇಪ್ಪತ್ತು ಮಾರು ನೆನೆಯುವ ತನಕ ಗುದ್ದಲಿ ಹಿಡಿದು ನಿಂತಿದ್ದರಂತೆ. ಬಿಸಿಲಿಗೆ ಮುದುಕನ ತಲೆ ತಿರುಗಿದೆ ಎಂದು ನೋಡಿದವರು ಅಂದುಕೊಂಡಿರಬೇಕು. (ನಾನೂ ಅಂದುಕೊಂಡೆ.)

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಮನೆ ಗೊಳಸಂಗಿ. ನಾನು ಗಣಿತ ಕಲಿಸುವ ಶಾಲೆ ಅಲ್ಲಿಂದ ಆರು ಕಿಲೋಮೀಟರ್ ಒಳಗೆ. ಬಸ್ಸಿಲ್ಲ. ಕಾಲುವೆ ದಂಡೆಯ ಮೇಲೆ ಸ್ವಲ್ಪ ದೂರ ಗರಸು ಹಾಕಿದ ಗಟ್ಟಿ ದಾರಿ, ಉಳಿದದ್ದು ಎರೆ ಮಣ್ಣಿನ ದಾರಿ. ಇಷ್ಟು ವರ್ಷ ಜೊತೆಯ ಶಿಕ್ಷಕಿಯೊಬ್ಬರ ಸ್ಕೂಟಿಯ ಹಿಂದೆ ಕೂತು ಹೋಗುತ್ತಿದ್ದೆ. ಅವರು ಇಂಡಿ ತಾಲ್ಲೂಕಿಗೆ ವರ್ಗವಾದರು. ಮನೆಯವರಿಗೆ ಆಲಮಟ್ಟಿಯಲ್ಲಿ ಡ್ಯೂಟಿ. ಅವರ ಬೈಕು ಬೆಳಿಗ್ಗೆ ಏಳಕ್ಕೇ ಇನ್ನೊಂದು ದಿಕ್ಕಿಗೆ. ನಾನೇ ಸ್ಕೂಟಿ ಕಲಿಯಬಾರದೇ? ಕಲಿತೆ. ಎರಡನೆಯ ದಿನವೇ ಜಾಲಿ ಮುಳ್ಳುಕಂಟಿಯೊಳಗೆ ನುಗ್ಗಿಸಿದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಹಾಗಾಗಿ ವರ್ಗಾವಣೆ ಅರ್ಜಿಯ ಪ್ರಿಂಟ್ ತೆಗೆಸಿ ಬ್ಯಾಗಿನಲ್ಲಿಟ್ಟುಕೊಂಡೆ. ಕೊಡಲು ಮನಸ್ಸಿರಲಿಲ್ಲ. ಆ ಹಳ್ಳಿಯ ಒಂಬತ್ತನೆಯ ತರಗತಿಗೆ ಬೀಜಗಣಿತದ ರುಚಿ ಈಗಷ್ಟೇ ಹತ್ತಿತ್ತು. ಜೂನ್ ಒಳಗೆ ಏನಾದರೂ ವಾಹನವಾಗಬೇಕು, ಇಲ್ಲವಾದರೆ ಅರ್ಜಿ ಕೊಡಬೇಕು.

ಆಗ ಕಣ್ಣಿಗೆ ಬಿದ್ದದ್ದು ಎಲೆಕ್ಟ್ರಿಕ್ ಮೌಂಟೇನ್ ಬೈಕ್. ಸೈಕಲ್ಲೇ, ಆದರೆ ಮೋಟರ್ ಉಂಟು. ಗುಡ್ಡ, ಗುಂಡಿ, ಕಲ್ಲು ತುಳಿಯಲೆಂದೇ ಮಾಡಿದ್ದು. ಸೈಕಲ್ ನನಗೆ ಬರುತ್ತದೆ. ಇನ್ನೇನು ಬೇಕು?

ಬೇಕಾಗಿದ್ದು ಒಂದು ತೀರ್ಮಾನ. ವಿಜಯಪುರದ ಅಂಗಡಿಯಲ್ಲಿ ನನ್ನ ಲೆಕ್ಕಕ್ಕೆ ಬರುವಂಥವು ಎರಡಿದ್ದವು. ಒಂದಕ್ಕೆ ನನ್ನ ತೊಡೆಯಷ್ಟು ದಪ್ಪ ಟೈರು, ಹಿಂದಿನ ಗಾಲಿಯಲ್ಲಿ ಮೋಟರು, ಮೊಬೈಲಿನಂಥ ಸ್ಕ್ರೀನು, ಮಡ್‌ಗಾರ್ಡ್, ಕ್ಯಾರಿಯರ್. ನಡುವೆ ಅಡ್ಡ ಕಂಬಿ ಇಲ್ಲ, ಸೀರೆಯುಟ್ಟೇ ಹತ್ತಬಹುದು. ಇನ್ನೊಂದು ಬಡಕಲು. ಪೆಡಲಿನ ಹತ್ತಿರ ಮೋಟರು, ಸಾಧಾರಣ ಹಲ್ಲಿನ ಟೈರು, ಸ್ಕ್ರೀನಿನ ಜಾಗದಲ್ಲಿ ಮೂರು ಚಿಕ್ಕ ದೀಪ, ನಡುವೆ ಅಡ್ಡ ಕಂಬಿ.

ಸ್ಟಾಫ್ ರೂಮಿನಲ್ಲಿ ಫೋಟೋ ತೋರಿಸಿದೆ. ಎಲ್ಲರ ವೋಟು ದಪ್ಪ ಟೈರಿಗೆ. ಹೆಡ್ ಮಾಸ್ತರು ಕೇಳಿದ್ದು ಒಂದೇ: “ಎಷ್ಟ್ ಕೊಡತೈತ್ರಿ?” ಅಂದರೆ ಮೈಲೇಜು. ನಮ್ಮ ಕಡೆ ವಿಮಾನ ಕೊಂಡರೂ ಮೊದಲ ಪ್ರಶ್ನೆ ಅದೇ ಇರುತ್ತದೆ. ನಾನೂ ದಪ್ಪ ಟೈರಿಗೇ ಒಲಿದಿದ್ದೆ. ಕೆಸರಿಗೆ ದಪ್ಪ ಟೈರೇ ಅಲ್ಲವೇ ಬೇಕಾದದ್ದು?

ಕಾಕಾ ಒಪ್ಪಲಿಲ್ಲ. ಅವರು ನನ್ನ ತಂದೆಯ ತಮ್ಮ. ಜೀವನವಿಡೀ ತಮಗೂ ಮಂದಿಗೂ ಎತ್ತು ಆರಿಸಿ ಕೊಟ್ಟವರು. ಸಂತೆಯ ನೆಲದ ಮೇಲೆ ಎತ್ತು ನೋಡಿ ಕೊಳ್ಳಬಾರದು, ನೊಗ ಹೂಡಿ ಹಸಿ ನೆಲದಲ್ಲಿ ನಡೆಸಿ ನೋಡಬೇಕು ಎನ್ನುವುದು ಅವರ ಪದ್ಧತಿ. ನನ್ನ ಜೊತೆ ಅಂಗಡಿಗೂ ಬಂದರು. ಅಂಗಡಿಯ ಮೆಹಬೂಬ್ ಸಾಹೇಬರು, “ಮುಂದಿನ ರೋಡ್ ಮ್ಯಾಲೆ ಒಂದ್ ರೌಂಡ್ ಹೊಡೀರಿ ಮೇಡಮ್ಮಾರ” ಎಂದರು.

“ರೋಡ್ ಮ್ಯಾಲೆ ನನ್ನ ಮುರಕ ಬಂಡೀನೂ ಓಡತೈತಿ,” ಎಂದರು ಕಾಕಾ. “ಕೆಸರಾಗ ತೋರಸ್ರಿ.”

“ಅಜ್ಜಾರ, ಮಳಿಗಾಲದಾಗ ಮೇಡಮ್ಮಾರು ಇದನ್ನ ಯಾಕ ತಗೀತಾರ್ರಿ?”

“ಮಳಿಗಾಲದಾಗ ಸಾಲಿಗೆ ಬೀಗಾ ಹಾಕ್ತಾರೇನು?”

ಸಾಹೇಬರು ನಕ್ಕುಬಿಟ್ಟರು. ರವಿವಾರ ಮುದ್ದೇಬಿಹಾಳಕ್ಕೆ ಡೆಲಿವರಿ ಇದೆ, ಹಾದಿಯಲ್ಲಿ ಹಿಪ್ಪರಗಿಯಲ್ಲಿ ಎರಡನ್ನೂ ಇಳಿಸುತ್ತೇನೆ ಎಂದರು. ಶನಿವಾರ ಕಾಕಾ ನೀರು ಬಿಟ್ಟದ್ದು ಅದಕ್ಕೇ.

ರವಿವಾರ ಚೂಡಿದಾರ ಹಾಕಿಕೊಂಡು ಹೋದೆ. ಮೊದಲು ದಪ್ಪ ಟೈರು. ಐದಾರು ಮಾರು ರಾಜಗಾಂಭೀರ್ಯದಿಂದ ಹೋಯಿತು. ಆಮೇಲೆ ಎರೆ ಮಣ್ಣು ತನ್ನ ಗುಣ ತೋರಿಸಿತು. ರೊಟ್ಟಿ ಹಿಟ್ಟಿನ ಹಾಗೆ ಟೈರಿಗೆ ಮೆತ್ತಿಕೊಂಡು, ಸುತ್ತು ಸುತ್ತಿಗೂ ದಪ್ಪವಾಗಿ, ಮಡ್‌ಗಾರ್ಡಿನೊಳಗೆ ಒತ್ತಿ ತುಂಬಿತು. ಗಾಲಿ ನಿಂತಿತು. ಬ್ಯಾಟರಿ ತೊಂಬತ್ತು ಪರ್ಸೆಂಟ್ ಎಂದು ಸ್ಕ್ರೀನು ಹೆಮ್ಮೆಯಿಂದ ಹೇಳುತ್ತಲೇ ಇತ್ತು.

“ಈಗ ಇಳದು ದಬ್ಬು,” ಎಂದರು ಕಾಕಾ.

ದಬ್ಬಿದೆ. ಒಂದು ಗೇಣೂ ಸರಿಯಲಿಲ್ಲ. ಸಾಹೇಬರು ಪ್ಯಾಂಟು ಮೇಲೆತ್ತಿ ನೆರವಿಗೆ ಬರಹೋದರು. ಕಾಕಾ ಕೈ ಅಡ್ಡ ಹಿಡಿದರು.

“ನೀ ನಿಲ್ಲಪಾ. ನಾಳೆ ಕಾಲುವಿ ದಂಡಿ ಮ್ಯಾಲೆ ನೀ ಇರತೀಯೇನು?”

ಸಾಹೇಬರು ನಿಂತರು. ನಾನೂ ನಿಂತೆ. ಆರು ಕಿಲೋಮೀಟರ್ ದಾರಿ ಮೊದಲ ಸಲ ಅದರ ಪೂರ್ತಿ ಉದ್ದದಲ್ಲಿ ಕಣ್ಣಮುಂದೆ ಬಂತು.

ಆಮೇಲೆ ಬಡಕಲು. ಏರುವ ಮೊದಲು ಕಾಕಾ ಅದರ ಟೈರಿಗೂ ಅದನ್ನು ಹಿಡಿದ ಮೇಲಿನ ಫೋರ್ಕಿಗೂ ನಡುವೆ ಬೆರಳು ತೂರಿಸಿ ನೋಡಿದರು. “ಇಲ್ಲಿ ಮಣ್ಣು ಬೀಳಾಕ ಜಾಗಾ ಐತಿ.” ಅಷ್ಟೇ ಅವರ ಪರೀಕ್ಷೆ. ಇದಕ್ಕೂ ಮಣ್ಣು ಮೆತ್ತಿತು, ಆದರೆ ಹೆಂಟೆ ಹೆಂಟೆಯಾಗಿ ಉದುರಿತು. ಹದಿನೈದು ಮಾರು ಹೋಗಿ ಇದೂ ನಿಂತಿತು. (ಎರೆ ಮಣ್ಣಿನಲ್ಲಿ ನಿಲ್ಲದ ಗಾಲಿ ಯಾವುದು?) ಬಂಡಿಯವರು ಗಾಲಿಯ ಮಣ್ಣು ಕೆರೆಯಲು ಇಟ್ಟುಕೊಳ್ಳುವ ಚೂಪು ಕಟ್ಟಿಗೆಯನ್ನು ಕಾಕಾ ನನ್ನ ಕೈಗೆ ಕೊಟ್ಟರು. ಕೆರೆದೆ, ದಬ್ಬಿದೆ. ಏದುಸಿರು ಬಂತು. ಸೈಕಲ್ಲೂ ಬಂತು.

“ಖರೇ ಹೇಳ್ತೇನಿ ಮೇಡಮ್ಮಾರ, ನಾನೂ ಇವನ್ನ ಡಾಂಬರ್ ಮ್ಯಾಲಷ್ಟ ಓಡಸೇನ್ರಿ,” ಎಂದರು ಸಾಹೇಬರು. ಮಾರುವವರ ಬಾಯಲ್ಲಿ ಇಂಥ ಮಾತು ಎಷ್ಟು ಸಲ ಕೇಳಿದ್ದೀರಿ?

ನನಗಿನ್ನೂ ಒಂದು ಕೊರಗಿತ್ತು. “ಕಾಕಾ, ಇದರ ಮ್ಯಾಲೆ ಸೀರಿ ಉಟ್ಟು ಹತ್ತಾಕ ಆಗೂದಿಲ್ಲ.”

“ಸೀರಿ ಬಿಟ್ರ ಗಣಿತ ಮರೀತೈತೇನು?”

ಬಡಕಲು ಮನೆಗೆ ಬಂತು.

ಜೂನಿನಲ್ಲಿ ಶಾಲೆ ಶುರುವಾದ ಎರಡನೆಯ ವಾರ ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಬೇಗನೆ ಹೊರಟೆ. ಗರಸು ಮುಗಿಯುವ ತನಕ ಗಾಳಿಯಲ್ಲಿ ತೇಲಿದ ಹಾಗೆ ಹೋದೆ. ಆಮೇಲೆ ಮೂರು ಕಡೆ ಇಳಿದು ಕಟ್ಟಿಗೆಯಿಂದ ಕೆರೆದೆ. ಕೊನೆಯ ಅರ್ಧ ಕಿಲೋಮೀಟರ್ ದಬ್ಬಿಕೊಂಡೇ ನಡೆದೆ. ಪ್ರಾರ್ಥನೆ ಮುಗಿದಿತ್ತು. ಹಾಜರಿ ಕೂಗುವುದು ಇನ್ನೂ ಬಾಕಿ ಇತ್ತು. ಕಾಲು ತೊಳೆಯುವಾಗ ಕಾಕಾನ ಫೋನು.

“ಮುಟ್ಟಿದೇನ ಯವ್ವಾ?”

“ಮುಟ್ಟಿದೆ ಕಾಕಾ.”

“ಅದು ನಿನ್ನ ಒಯ್ತೋ, ನೀ ಅದನ್ನ ಒಯ್ದೆಯೋ?”

“ಎರಡೂ ಆತು.”

“ಹಂಗಾದ್ರ ಆರಿಸಿದ್ದು ಬರೋಬ್ಬರಿ ಐತಿ,” ಎಂದು ಫೋನಿಟ್ಟರು.

ಹೆಡ್ ಮಾಸ್ತರು ಈಗಲೂ ಎಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ನಾನು ಮಣ್ಣು ಕೆರೆಯುವ ಕಟ್ಟಿಗೆ ತೋರಿಸುತ್ತೇನೆ. ವರ್ಗಾವಣೆ ಅರ್ಜಿ ಮಾತ್ರ ಇನ್ನೂ ಬ್ಯಾಗಿನಲ್ಲಿದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಎಣ್ಣೆ ಪುಸ್ತಕಗಳಿಗೆ ಇಳಿಯದಿರಲೆಂದು ಊಟದ ಡಬ್ಬಿಯ ಕೆಳಗೆ ಮಡಿಸಿಟ್ಟಿದ್ದೇನೆ.