ಎಡಗಡೆಯ ಡಬ್ಬ

ನಮ್ಮ ಭಾವನ ವ್ಯಾನು ಹತ್ತಿದ ಕೂಡಲೇ ಸ್ವೆಟರ್ ಹೆಣೆಯಲು ಶುರು ಮಾಡಿದರೆ ಇಳಿಯುವ ಹೊತ್ತಿಗೆ ಒಂದು ತೋಳು ಮುಗಿದಿರುತ್ತದೆ ಎಂದು ಬಟ್ಟೆ ಕಾರ್ಖಾನೆಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಇಪ್ಪತ್ತೇಳು ವರ್ಷ ಅವರನ್ನೆಲ್ಲ ಬೆಳಿಗ್ಗೆ ಕಾರ್ಖಾನೆಗೆ ಬಿಟ್ಟು ಸಂಜೆ ಮನೆಮನೆಗೆ ಇಳಿಸಿದ ಮನುಷ್ಯ ಆತ. ನಿಧಾನಣ್ಣ ಎಂದು ಹೆಸರಿಟ್ಟವರೂ ಅವರೇ. ಅಕ್ಕನಿಗೆ ಆ ಹೆಸರು ಕೇಳಿದರೆ ನಗು. "ನನ್ನ ನೋಡೋಕೆ ಬಂದೋರು ಹೂಂ ಅನ್ನೋಕೇ ಒಂದೂವರೆ ವರ್ಷ ತಗೊಂಡ್ರು ಕಣೋ, ಇನ್ನು ಗಾಡಿ ಯಾವ ಲೆಕ್ಕ" ಎನ್ನುತ್ತಾಳೆ.

ಭಾವ ಹದಿನೆಂಟನೇ ವಯಸ್ಸಿಗೆ ಬಸ್ಸು ತೊಳೆಯುವ ಶೆಡ್ಡಿಗೆ ಸೇರಿದವರು. ತೊಳೆದ ಬಸ್ಸನ್ನು ಹಿಂದಕ್ಕೆ ತೆಗೆದು ಸಾಲಿಗೆ ನಿಲ್ಲಿಸುವುದು ಅವರ ಕೆಲಸ. ಹಾಗಾಗಿ ಹಿಂದಕ್ಕೆ ಓಡಿಸುವುದನ್ನು ಮೊದಲು ಕಲಿತು, ಮುಂದಕ್ಕೆ ಓಡಿಸುವುದನ್ನು ಆಮೇಲೆ ಕಲಿತರು. ಅವರ ವ್ಯಾನಿನಲ್ಲಿ ಮೂರು ಬಟ್ಟೆಗಳಿರುತ್ತವೆ: ಗಾಜಿಗೊಂದು, ಸ್ಟೇರಿಂಗಿಗೊಂದು, ಕೈಗೊಂದು. ಒಮ್ಮೆ ನಾನು ಗಾಜಿನ ಬಟ್ಟೆಯಲ್ಲಿ ಗ್ರೀಸ್ ಒರೆಸಿದೆನೆಂದು ನಾಲ್ಕು ದಿನ ಮಾತು ಬಿಟ್ಟಿದ್ದರು. ಬೈಯಲಿಲ್ಲ. ಅವರಿಗೆ ಬೈಯಲು ಬರುವುದಿಲ್ಲ. ನನಗೆ ಅದೊಂದೇ ಚೆನ್ನಾಗಿ ಬರುವುದು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಸ್ಲೇಟು ಎಸೆದು ಮನೆಗೆ ಬಂದವನು ಮತ್ತೆ ಶಾಲೆ ಕಡೆ ತಲೆ ಹಾಕಲಿಲ್ಲ. ಬ್ರೇಕ್ ರಿಪೇರಿ ಹಿಡಿದೆ. ಮೂವತ್ತು ವರ್ಷ ಆಯಿತು. ನನ್ನ ಕೈಯಿಂದ ಹೋದ ಯಾವ ಗಾಡಿಯೂ ನಿಲ್ಲಬೇಕಾದ ಕಡೆ ನಿಲ್ಲದೆ ಹೋಗಿಲ್ಲ. ಇದೊಂದು ಮಾತನ್ನು ಊರಲ್ಲಿ ಯಾರೂ ಅಲ್ಲಗಳೆಯುವುದಿಲ್ಲ.

ಅಕ್ಕನ ಮಗಳು ನರ್ಸು. ಎಂಟು ತಿಂಗಳ ಹಿಂದೆ ಅವಳನ್ನು ಒಂದು ಬೆಟ್ಟದೂರಿನ ಆಸ್ಪತ್ರೆಗೆ ಕೆಲಸಕ್ಕೆ ಹಾಕಿದರು. ಬೆಟ್ಟವೆಂದರೆ ಮೋಡ ಕಾಲಿಗೆ ತಗಲುವಂಥ ಜಾಗ. ಅಲ್ಲಿಂದ ಒಂದು ದಿನ ಅವಳ ಫೋಟೋ ಬಂತು. ಇಳಿಜಾರಿನ ತುಂಬಾ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ಪ್ರತಿ ಮೆಟ್ಟಿಲಲ್ಲೂ ನೀರು, ಪ್ರತಿ ನೀರಲ್ಲೂ ಆಕಾಶ. "ಪೈರು ನೆಟ್ಟು ಹಸಿರಾದ್ರೆ ಈ ನೀರು ಕಾಣಲ್ಲ ಅಪ್ಪಾ. ಇನ್ನು ಹದಿನೈದು ದಿನ ಅಷ್ಟೇ. ಬರ್ತೀರಾ?" ಎಂದು ಕೇಳಿದ್ದಳು. ಭಾವ ಫೋನನ್ನು ಮುಖದ ಬಲಗಡೆಗೆ ಹಿಡಿದು, ಕುತ್ತಿಗೆ ಓರೆ ಮಾಡಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದರು, "ನನ್ನ ಗಾಡೀಲೇ ಹೋಗೋಣ."

ಜೀವಮಾನದಲ್ಲಿ ಅವರು ಇಷ್ಟು ಬೇಗ ತೀರ್ಮಾನ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಸುದ್ದಿ ಓಣಿಗೆ ಹಬ್ಬಿತು. ಅಕ್ಕ, ನನ್ನ ಹೆಂಡತಿ, ಎದುರುಮನೆಯ ಹೊಲಿಗೆ ಅತ್ತೆ, ರಿಟೈರಾದ ಪೋಸ್ಟಣ್ಣ, ಹೀಗೆ ಒಟ್ಟು ಒಂಬತ್ತು ಜನ ಹೊರಡುವುದೆಂದಾಯಿತು. ದಿನಾ ಸಂಜೆ ಅಕ್ಕನ ಮುಂದಿನ ಕೋಣೆಯಲ್ಲಿ ಸಭೆ. ಅಕ್ಕನ ಕೈಯಲ್ಲಿ ಒಂದು ನೋಟ್‌ಬುಕ್, ಅದರಲ್ಲಿ ಪಟ್ಟಿ: ಟಾರ್ಚು, ಕಂಬಳಿ, ವಾಂತಿಗೆ ಕವರು, ಕಾಲು ಹಿಡಿದರೆ ಹಚ್ಚಲು ಎಣ್ಣೆ. ಪೋಸ್ಟಣ್ಣ ಒಂದು ದೊಡ್ಡ ಕಾಗದದಲ್ಲಿ ದಾರಿ ಬರೆದುಕೊಂಡು ಬಂದಿದ್ದ. ಕೊನೆಯ ಭಾಗ ಬಿಚ್ಚಿದ ದಾರದುಂಡೆಯ ಹಾಗೆ ಕಾಣುತ್ತಿತ್ತು.

"ಇಪ್ಪತ್ಮೂರು ತಿರುವು" ಎಂದ.

"ನೀನು ಕಾಗದದ ಮೇಲೆ ಹಾಕಿದ್ದಕ್ಕೇ ನಂಗೆ ತಲೆ ಸುತ್ತುತ್ತಿದೆ. ನನ್ನ ಕಿಟಕಿ ಹತ್ರ ಕೂರಿಸಬೇಡಿ" ಎಂದಳು ಹೊಲಿಗೆ ಅತ್ತೆ.

"ಮಧ್ಯದಲ್ಲಿ ಕೂರು. ಬಿದ್ರೆ ಮೆತ್ತಗೆ ಬೀಳ್ತೀಯ."

"ಬಿಡ್ತು ಅನ್ನು! ಹೊರಡೋಕೆ ಮುಂಚೆನೇ ನಿನ್ನ ಬಾಯಿಗಿಷ್ಟು!"

ಅಕ್ಕ ಮಗಳಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಅವಳು ಹೇಳಿದ್ದು ನನಗೆ ಈಗಲೂ ಅಕ್ಷರ ಅಕ್ಷರ ನೆನಪಿದೆ: "ಕೊನೇ ಹನ್ನೊಂದು ಕಿಲೋಮೀಟರ್ ಒಂದೇ ಗಾಡಿ ಹಿಡಿಯೋಷ್ಟು ರಸ್ತೆ. ಹತ್ತುವಾಗ ಬಲಗಡೆ ಬಂಡೆ, ಎಡಗಡೆ ಪ್ರಪಾತ. ಅಂಚಿನ ಕಟ್ಟೆ ಮಳೆಗೆ ಕೊಚ್ಚಿಹೋಗಿದೆ. ಎದುರಿಗೆ ಲಾರಿ ಬಂದ್ರೆ ಒಬ್ರು ಅಂಚಿಗೆ ಸರೀಬೇಕು. ಆದ್ರೆ ಅಪ್ಪ ಓಡಿಸ್ತಾರಲ್ಲ, ನಂಗೇನು ಭಯ ಇಲ್ಲ."

ಎಲ್ಲರೂ ಭಾವನ ಕಡೆ ನೋಡಿ ನಕ್ಕರು. ಭಾವ ನಗಲಿಲ್ಲ, ಸ್ಟೇರಿಂಗ್ ಒರೆಸುವ ಬಟ್ಟೆಯನ್ನು ತೊಡೆಯ ಮೇಲಿಟ್ಟು ಮಡಿಸುತ್ತಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಹೊರಡಲು ಆರು ದಿನ ಇರುವಾಗ ವ್ಯಾನು ನನ್ನ ಶೆಡ್ಡಿಗೆ ಬಂತು. ನಾಲ್ಕೂ ಚಕ್ರ ಬಿಚ್ಚಿದೆ, ಡ್ರಮ್ ಉಜ್ಜಿದೆ, ಚಕ್ರ ಹಿಡಿದು ನಿಲ್ಲಿಸುವ ಲೈನಿಂಗ್ ಪಟ್ಟಿ ಹೊಸದು ಹಾಕಿದೆ, ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದೆ. ಯಾವ ಗಾಡಿಗೇ ಬ್ರೇಕ್ ಮಾಡಿದರೂ ಬಿಡುವ ಮುಂಚೆ ನನ್ನದೊಂದು ಪರೀಕ್ಷೆ ಇದೆ. ಹಿಟ್ಟಿನ ಗಿರಣಿ ಹಿಂದಿನ ಬಯಲಲ್ಲಿ ಎರಡು ಖಾಲಿ ಆಯಿಲ್ ಡಬ್ಬ ಇಡುತ್ತೇನೆ. ಗಾಡಿಯ ಅಗಲಕ್ಕಿಂತ ಅತ್ತ ಒಂದು ಗೇಣು, ಇತ್ತ ಒಂದು ಗೇಣು ಹೆಚ್ಚಿಗೆ. ಓಡಿಸುವವನು ಆ ಗಾಡಿಯ ಡ್ರೈವರೇ ಆಗಬೇಕು. ವೇಗವಾಗಿ ಬಂದು, ಸುಣ್ಣದ ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಒತ್ತಬೇಕು. ಗಾಡಿಯ ಮೂತಿ ಎರಡು ಡಬ್ಬಗಳ ನಡುವೆ ನಿಲ್ಲಬೇಕು. ಬ್ರೇಕ್ ಒಂದು ಕಡೆಗೆ ಎಳೆಯುತ್ತಿದ್ದರೆ ಆ ಕಡೆಯ ಡಬ್ಬ ಬೀಳುತ್ತದೆ.

ಭಾವ ಓಡಿಸಿಕೊಂಡು ಬಂದರು. ಎಡಗಡೆಯ ಡಬ್ಬ ಬಿತ್ತು.

"ಎಡಕ್ಕೆ ಎಳೀತಿದೆ" ಎಂದೆ. ಎಡಗಡೆಯ ಮುಂದಿನ ಚಕ್ರ ಬಿಚ್ಚಿ ಸರಿಮಾಡಿ ಮತ್ತೆ ಕಟ್ಟಿದೆ. ಮತ್ತೆ ಎಡಗಡೆಯ ಡಬ್ಬವೇ ಬಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿ, "ಏನಯ್ಯಾ, ಲೈನಿಂಗ್ ಕೊಟ್ಟಿದ್ದೀಯೋ, ಹಳೇ ಚಪ್ಪಲಿ ಕತ್ತರಿಸಿ ಕೊಟ್ಟಿದ್ದೀಯೋ?" ಎಂದು ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವನು ಇನ್ನೊಂದು ಜೊತೆ ಲೈನಿಂಗ್ ಕಳಿಸಿದ. ಅದನ್ನೂ ಹಾಕಿದೆ. ಮೂರನೇ ಸಲ ಡಬ್ಬ ಬೀಳಲಿಲ್ಲ, ಚಕ್ರದಡಿ ಸಿಕ್ಕಿ ಚಪ್ಪಟೆಯಾಯಿತು.

ಸ್ಪ್ಯಾನರ್ ಎತ್ತಿ ಬಯಲಿಗೆಸೆದೆ. "ಇಳೀರಿ ಭಾವ. ನಾನೇ ನೋಡ್ತೀನಿ."

ಚಪ್ಪಟೆಯಾದದ್ದರ ಜಾಗಕ್ಕೆ ಬೇರೆ ಡಬ್ಬ ಇಟ್ಟು, ಗೆರೆಯ ಮೇಲೆ ಬ್ರೇಕ್ ಒತ್ತಿದೆ. ಗಾಡಿ ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿತು. ಎರಡು ಡಬ್ಬವೂ ಹಾಗೇ ಇದ್ದವು. ಇನ್ನೊಮ್ಮೆ ಮಾಡಿದೆ. ಹಾಗೇ.

ಇಳಿದು ಗಾಡಿಯ ಎಡಮಗ್ಗುಲಿಗೆ ಬಂದೆ. ಬೆಳಿಗ್ಗೆಯಿಂದ ಅದೇ ಮಗ್ಗುಲಲ್ಲಿ ಕೂತಿದ್ದವನು ನಾನು. ಕಂಡೂ ಕಾಣದಿದ್ದದ್ದು ಈಗ ಕಂಡಿತು. ಎಡಗಡೆಯ ಎರಡು ಟಯರಿನ ಪಕ್ಕೆಯೂ ಫುಟ್‌ಪಾತಿಗೆ ಉಜ್ಜಿ ಉಜ್ಜಿ ಅಕ್ಷರವೇ ಅಳಿಸಿಹೋಗಿತ್ತು. ಬಲಗಡೆಯವು ಹೊಸದರಂತಿದ್ದವು. ಎಡಗನ್ನಡಿಯ ಅಂಚು ತರಚಿತ್ತು, ಅದಕ್ಕೆ ಅದೇ ಬಣ್ಣ ಬಳಿದಿದ್ದರು. ಇಪ್ಪತ್ತೇಳು ವರ್ಷ ಒಂದು ಗೀರು ಬೀಳದ ಗಾಡಿ.

 ನೆತ್ತಿಗೇರಿದ್ದ ಸಿಟ್ಟು ಎಲ್ಲಿಗೆ ಇಳಿಯಿತೋ ಗೊತ್ತಿಲ್ಲ.

"ಭಾವ, ಎಷ್ಟು ದಿನ ಆಯ್ತು?"

ಅವರು ಕೈ ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಕೈ ಒದ್ದೆಯೇ ಇರಲಿಲ್ಲ. "ಹತ್ತು ತಿಂಗಳು. ಎಡಗಣ್ಣಿನ ನರ ಸತ್ತಿದೆ ಅಂದ್ರು ಡಾಕ್ಟ್ರು. ಮತ್ತೆ ಬರಲ್ಲವಂತೆ."

"ಪೂರ್ತಿನಾ?"

"ಪೂರ್ತಿ."

"ಅಕ್ಕನಿಗೆ?"

"ಯಾರಿಗೂ ಹೇಳಿಲ್ಲ." ನೆಲ ನೋಡುತ್ತಾ ಮುಂದುವರಿಸಿದರು. "ಬಲಗಡೇದು ಕಾಣುತ್ತಲ್ಲ, ಅದಕ್ಕೆ ತಗಲಬಾರದು ಅಂತ ಎಡಕ್ಕೆ ಜರುಗಿಬಿಡ್ತೀನಿ ಕಣೋ. ಎಡಗಡೆ ಜಾಗ ಎಷ್ಟಿದೆ ಅಂತ ಗೊತ್ತಾಗಲ್ಲ. ನಮ್ಮ ಬೀದಿಗಳು ಬಾಯಿಪಾಠ, ಹೇಗೋ ನಡೀತು. ಇದೊಂದು ಸಲ ಬಿಡು. ನನ್ನ ಮಗಳ ಬಾಗಿಲಲ್ಲಿ ನನ್ನ ಗಾಡಿ ನಿಲ್ಲಿಸ್ತೀನಿ. ವಾಪಸ್ ಬಂದ ದಿನವೇ ಕೀಲಿ ನಿನ್ನ ಕೈಗೆ."

ಹತ್ತುವಾಗ ಬಲಗಡೆ ಬಂಡೆ, ಎಡಗಡೆ ಪ್ರಪಾತ. ಬಲಗಡೆಯದು ಕಾಣುತ್ತೆ, ಎಡಕ್ಕೆ ಜರುಗಿಬಿಡ್ತೀನಿ. ಎರಡು ಮಾತೂ ನನ್ನ ತಲೆಯೊಳಗೆ ಒಂದಕ್ಕೊಂದು ಡಿಕ್ಕಿ ಹೊಡೆದವು. ಎದುರಿಗೆ ಲಾರಿ ಬಂದರೆ ಈ ಮನುಷ್ಯ ಯಾವ ಕಡೆ ಸರಿಯುತ್ತಾರೆ ಎಂದು ಯೋಚಿಸಿದೆ. ಮಧ್ಯದ ಸೀಟಿನಲ್ಲಿ ಹೊಲಿಗೆ ಅತ್ತೆ, ಹಿಂದೆ ನನ್ನ ಹೆಂಡತಿ, ಮುಂದೆ ಅಕ್ಕ. ಚಕ್ರದಡಿ ಚಪ್ಪಟೆಯಾದ ಡಬ್ಬ ಕಾಲ ಬುಡದಲ್ಲೇ ಬಿದ್ದಿತ್ತು. ಅದನ್ನು ನೋಡಲಾಗದೆ ಒದ್ದು ದೂರ ಮಾಡಿದೆ.

ಬೈಯಬೇಕಿತ್ತು. ಮೂವತ್ತು ವರ್ಷ ಸಣ್ಣದಕ್ಕೂ ದೊಡ್ಡದಕ್ಕೂ ಬೈದವನಿಗೆ ಆ ಹೊತ್ತಿಗೆ ಬಾಯೇ ಬರಲಿಲ್ಲ. ಆ ಮನುಷ್ಯ ನನಗೆ ಅನ್ನ ಹಾಕಿದವರು. ಅಪ್ಪ ಹೋದ ಮೇಲೆ ಈ ಶೆಡ್ಡಿಗೆ ಮೊದಲ ಗಾಡಿ ತಂದು ನಿಲ್ಲಿಸಿ, "ನಿನ್ನ ಬ್ರೇಕಿನ ಮೇಲೆ ನಂಬಿಕೆ ಇದೆ" ಎಂದವರು. ಅವರ ಗುಟ್ಟನ್ನು ನಾನು ಓಣಿಗೆ ಹೇಳಲೇ? ಹೇಳದೆ ಒಂಬತ್ತು ಜನರನ್ನು ಹತ್ತಿಸಲೇ?

ಎರಡು ದಿನ ಇದೇ ಯೋಚನೆಯಲ್ಲಿ ಕಳೆದೆ. ಶೆಡ್ಡಿನಲ್ಲಿ ಯಾವ ಗಾಡಿ ಬಂದರೂ ಮೊದಲು ಎಡಗಡೆಯ ಟಯರು ನೋಡುವ ಚಟ ಹತ್ತಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೆ. ಹೆಂಡತಿ, "ಯಾಕ್ರೀ, ಬಯ್ಯೋದೇ ಬಿಟ್ಟಿದ್ದೀರಿ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು.

ಮೂರನೇ ಸಂಜೆ ಸಭೆಯಲ್ಲಿ ಅಕ್ಕ ಸೀಟಿನ ಪಟ್ಟಿ ಓದುತ್ತಿದ್ದಳು. ಭಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬಲಗಣ್ಣು ಎಲ್ಲರ ಕಡೆ ಇರುವ ಹಾಗೆ ಓರೆಯಾಗಿ ಕೂತಿದ್ದರು. ಆ ಕಣ್ಣು ನನ್ನನ್ನೇ ನೋಡುತ್ತಿತ್ತು.

"ವ್ಯಾನು ಹೋಗಲ್ಲ" ಎಂದೆ.

"ಯಾಕೆ?" ಎಂದಳು ಅಕ್ಕ.

"ಬ್ರೇಕ್ ಎಡಕ್ಕೆ ಎಳೀತಿದೆ. ಮೂರು ಸಲ ಬಿಚ್ಚಿದೆ. ಸರಿಹೋಗ್ತಿಲ್ಲ."

ಪೋಸ್ಟಣ್ಣ ಕನ್ನಡಕ ಮೂಗಿಗಿಳಿಸಿದ. "ಮೂವತ್ತು ವರ್ಷದಲ್ಲಿ ಈ ಬಾಯಿಂದ ಇಂಥ ಮಾತು ಕೇಳಿಲ್ಲವಲ್ಲಪ್ಪ. ಬ್ರೇಕು ಕೆಟ್ಟಿದೆಯೋ, ಕೈ ಕೆಟ್ಟಿದೆಯೋ?"

ಬೇರೆ ದಿನವಾಗಿದ್ದರೆ ಅವನ ಕನ್ನಡಕ ಬೀದಿಯಲ್ಲಿರುತ್ತಿತ್ತು. "ಕೈ ಕೆಟ್ಟಿದೆ. ವಯಸ್ಸಾಯ್ತು. ಕೆಲಸ ಮೊದಲಿನ ಹಾಗೆ ಆಗ್ತಿಲ್ಲ" ಎಂದೆ. ಹೇಳುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

 ಹೊಲಿಗೆ ಅತ್ತೆ, "ಹಾಗಾದ್ರೆ ಹೋದ ತಿಂಗಳು ನಮ್ಮನೆಯವರ ಸ್ಕೂಟರ್ ಮಾಡಿದ್ಯಲ್ಲ..." ಎಂದು ಮೆಲ್ಲಗೆ ರಾಗ ಎಳೆದಳು. ನಾಳೆಯಿಂದ ಶೆಡ್ಡಿಗೆ ಯಾರೂ ಬರುವುದಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಹೊಳೆದರೂ ಆಡಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಆಗ ಕುರ್ಚಿ ಕಿರುಗುಟ್ಟಿತು. ಭಾವ ಎದ್ದು ನಿಂತಿದ್ದರು.

"ಅವನ ಕೈ ಕೆಟ್ಟಿಲ್ಲ" ಎಂದರು. "ಅವನು ಓಡಿಸಿದಾಗ ಎರಡು ಡಬ್ಬವೂ ನಿಂತಿತ್ತು, ನಾನು ನೋಡಿದೀನಿ. ಕೆಟ್ಟಿರೋದು ನನ್ನ ಕಣ್ಣು. ಎಡಗಡೇದು. ಹತ್ತು ತಿಂಗಳಾಯ್ತು."

ಅಕ್ಕ ನೋಟ್‌ಬುಕ್ ಹಿಡಿದೇ ಎದ್ದು ಅವರ ಎಡಕ್ಕೆ ಬಂದು ನಿಂತಳು. ಅಂಗೈಯನ್ನು ಅವರ ಮುಖದ ಹತ್ತಿರ ತಂದಳು. ಅವರು ರೆಪ್ಪೆ ಮಿಟುಕಿಸಲಿಲ್ಲ. 

"ಹತ್ತು ತಿಂಗಳು ಈ ಊರಿನ ಹೆಣ್ಣುಮಕ್ಕಳನ್ನೆಲ್ಲ ಕೂರಿಸ್ಕೊಂಡು ಓಡಿಸಿದ್ರಾ?" ಅವಳ ದನಿ ಏರಲಿಲ್ಲ. ಅದಕ್ಕೇ ಇನ್ನೂ ಹೆದರಿಕೆಯಾಯಿತು. "ಏನಾದ್ರೂ ಆಗಿದ್ರೆ?"

ಭಾವ ಜೇಬಿನಿಂದ ಕೀಲಿ ತೆಗೆದು ನನ್ನ ಮುಂದಿಟ್ಟರು. ಅದಕ್ಕೆ ಕಟ್ಟಿದ್ದ ದಾರ ಇಪ್ಪತ್ತೇಳು ವರ್ಷ ಉಜ್ಜಿ ಒಂದೆಳೆಯಷ್ಟೇ ಉಳಿದಿತ್ತು. ಮಾರನೇ ಬೆಳಿಗ್ಗೆ ತಾವೇ ನಡೆದುಕೊಂಡು ಕಾರ್ಖಾನೆಗೆ ಹೋಗಿ, ಬೇರೆ ಡ್ರೈವರನ್ನು ನೋಡಿಕೊಳ್ಳಿ ಎಂದು ಕಾರಣ ಸಮೇತ ಹೇಳಿ ಬಂದರು. ಹೆಂಗಸರು ಬೈದರಂತೆ, ಇಬ್ಬರು ಅತ್ತರಂತೆ. ಯಾರು ಎಂದು ಅವರು ಹೇಳಲಿಲ್ಲ.

ಪ್ರಯಾಣ ನಿಂತಿಲ್ಲ. ಬೆಟ್ಟದ ಬುಡದವರೆಗೆ ಸರ್ಕಾರಿ ಬಸ್ಸು, ಅಲ್ಲಿಂದ ಮೇಲಕ್ಕೆ ಆಸ್ಪತ್ರೆಗೆ ಔಷಧಿ ಒಯ್ಯುವ ಜೀಪು, ಒಂಬತ್ತು ಜನಕ್ಕೆ ಎರಡು ಟ್ರಿಪ್. ಅಕ್ಕನ ಮಗಳು ಏರ್ಪಾಡು ಮಾಡಿದ್ದಾಳೆ. ಫೋನಿನಲ್ಲಿ ಅಪ್ಪನ ಜೊತೆ ಅವಳು ಏನು ಮಾತಾಡಿದಳೋ, ಭಾವ ಹಿತ್ತಿಲಿಗೆ ಹೋಗಿ ಮಾತಾಡಿಕೊಂಡು ಬಂದರು. ಬಂದು ಅಕ್ಕನಿಗೆ, "ಜೀಪಲ್ಲಿ ನಂಗೆ ಬಲಗಡೆ ಕಿಟಕಿ ಬರ್ಕೋ" ಎಂದರು. "ಹತ್ತುವಾಗ ಬಂಡೆ ನೋಡ್ತೀನಿ. ಇಳಿಯುವಾಗ ಗದ್ದೆ ಬಲಕ್ಕೆ ಬರುತ್ತೆ."

"ಬಂಡೆ ನೋಡೋಕೆ ಅಷ್ಟು ದೂರ ಹೋಗೋರು ನೀವೊಬ್ರೇ" ಎಂದಳು ಅಕ್ಕ. ಹತ್ತು ತಿಂಗಳ ಸಿಟ್ಟು ಇನ್ನೂ ಆರಿಲ್ಲ, ಆದರೂ ಬರೆದುಕೊಂಡಳು.

ನಾಡಿದ್ದು ಹೊರಡಬೇಕು. ನನ್ನ ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆ ಜೀಪಿನವನು ಯಾರೋ, ಅವನ ಕಣ್ಣು ಹೇಗಿದೆಯೋ, ಬ್ರೇಕ್ ಬಿಚ್ಚಿ ಎಷ್ಟು ವರ್ಷವಾಯಿತೋ. ಇವತ್ತು ಬೆಳಿಗ್ಗೆ ನನ್ನ ಚೀಲ ಅಕ್ಕನ ಮನೆಗೆ ಹೊತ್ತುಕೊಂಡು ಹೋದೆ. ಅವಳು ಬಿಚ್ಚಿ ನೋಡಿ ನನ್ನ ಮುಖ ನೋಡಿದಳು. ನಗಲಿಲ್ಲ. ಪೆನ್ನು ತೆಗೆದು ಪಟ್ಟಿಯ ಕೊನೆಗೆ ಸೇರಿಸಿದಳು: ಸ್ಪ್ಯಾನರ್ ಸೆಟ್ಟು, ಒಂದು. ಸುಣ್ಣದ ಪೊಟ್ಟಣ, ಒಂದು. ಖಾಲಿ ಡಬ್ಬ, ಎರಡು.