ಮಡಕೆಗೆ ಸುತ್ತುವ ಬಟ್ಟೆ, ಪ್ರೊಸೆಸರಿನ ಬಿಸಿ

ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಬಚ್ಚಲಿನಿಂದ ಹೊರಬಂದಾಗ, ಅತ್ತೆ ಕಂಪ್ಯೂಟರ್ ಡಬ್ಬದ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅದು ಒಣಗಿತೆಂದು ಚೊಂಬಿನಿಂದ ನೀರು ಚಿಮುಕಿಸಲು ನಿಂತಿದ್ದರು. ಯಂತ್ರ ಚಾಲೂ ಇತ್ತು.

ಮಲಾಡಿನ ನಮ್ಮ ಒಂದು ಕೋಣೆಯ ಮನೆಗೆ ಅದು ಬಂದು ತಿಂಗಳಾಗಿತ್ತು. ಹೆಂಡತಿ ಅದರಲ್ಲಿ ಮದುವೆಯ ಕರೆಯೋಲೆಗಳನ್ನು ಟೈಪ್ ಮಾಡುತ್ತಿದ್ದಳು. ಗಂಟೆಯೊಳಗೆ ಡಬ್ಬ ದೋಸೆ ಹಂಚಿನಂತೆ ಕಾದು, ಪರದೆ ಅಲ್ಲಾಡದೆ ನಿಂತುಬಿಡುತ್ತಿತ್ತು. ಮೈಸೂರಿನಿಂದ ಬಂದಿದ್ದ ಅತ್ತೆ ಬೇಸಿಗೆಯಲ್ಲಿ ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತುವವರು. ಮಡಕೆಯ ಪಕ್ಕದಲ್ಲೇ ಈ ಡಬ್ಬವೂ ಕಾಯುತ್ತಿತ್ತು, ಅದಕ್ಕೂ ಸುತ್ತಿದರು.

ನಾನು ಬಿ.ಎಸ್ಸಿ. ಫಿಸಿಕ್ಸ್ ಓದಿದವನು. ಸ್ವಿಚ್ ಆರಿಸುವುದು ಬಿಟ್ಟು, ಹಾರಿ ಅತ್ತೆಯ ಕೈ ತಳ್ಳಿದೆ. ಚೊಂಬು ನೆಲದ ಮೇಲಿದ್ದ ಎಕ್ಸ್‌ಟೆನ್ಶನ್ ಬೋರ್ಡಿನ ಮೇಲೆ ಮಗುಚಿತು. ನೀಲಿ ಕಿಡಿ, ಪಟ್ ಎಂಬ ಸದ್ದು, ಫ್ಯೂಸ್ ಹಾರಿ ಫ್ಯಾನ್ ನಿಂತಿತು. ಹರಿದ ನೀರಿಗೂ ಅತ್ತೆಯ ಬರಿಗಾಲಿಗೂ ನಡುವೆ ಒಂದು ಗೇಣು. ಆ ಗೇಣನ್ನು ನಾನು ಇಂದಿಗೂ ಅಳೆಯುತ್ತಿರುತ್ತೇನೆ.

ಅತ್ತೆ ಸದ್ದಿಗೆ ಓಡಿಬಂದ ಮಗಳತ್ತ ತಿರುಗಿದರು. "ನಾನು ಚೆನ್ನಾಗಿ ಹಿಂಡಿಯೇ ಹಾಕಿದ್ದೆ ಕಣೇ. ಚೊಂಬು ಚೆಲ್ಲಿದ್ದು ಅಳಿಯಂದ್ರು."

ಇನ್ನು ಅದನ್ನು ಮುಟ್ಟಬೇಡಿ ಎಂದು ಬೇಡಿಕೊಂಡೆ. ಕಣ್ಣೆದುರು ಒಂದು ವಸ್ತು ಬೇಯುತ್ತಿರುವಾಗ ಕೈಕಟ್ಟಿ ಕೂರುವ ಮಾತು ಕೊಡಲಾರೆ ಎಂದರು. ನಾನು ಆಫೀಸಿಗೆ, ಹೆಂಡತಿ ತರಕಾರಿಗೆ ಹೋದರೆ ಮನೆಯಲ್ಲಿ ಉಳಿಯುವುದು ಅತ್ತೆ, ಚೊಂಬು ಮತ್ತು ಆ ಡಬ್ಬ. ರಾತ್ರಿ ಕಣ್ಣು ಮುಚ್ಚಿದರೆ ಸಾಕು, ನೀಲಿ ಕಿಡಿ; ನಿದ್ದೆಯಿಲ್ಲ. ಅತ್ತೆ ಬದಲಾಗುವವರಲ್ಲ, ಡಬ್ಬವೇ ತಣ್ಣಗಾಗಬೇಕಿತ್ತು.

ಪರೇಲಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಹುಬ್ಬಳ್ಳಿಯ ಸಾಹೇಬರು ಬುಧವಾರ ಬಂದು ಮುಚ್ಚಳ ತೆಗೆದರು. ಜೋಡಿಸಿದವನು ಪ್ರೊಸೆಸರಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಇಟ್ಟಿದ್ದನಂತೆ. ಬೋರ್ಡಿನ ಮೇಲೆ ಜಂಪರ್ ಎಂಬ ಹೆಸರುಕಾಳಿನಷ್ಟು ತುಣುಕಿತ್ತು. ಅದನ್ನು ಕಿತ್ತು ಬೇರೆ ಪಿನ್ನಿಗೆ ಸಿಕ್ಕಿಸಿ ವೋಲ್ಟೇಜ್ ಇಳಿಸಿದರು. ಯಂತ್ರ ಏಳಲೇ ಇಲ್ಲ.

"ಉಪಾಸ ಭಾಳ ಆತು ಇದಕ್ಕ," ಎಂದು ವೋಲ್ಟೇಜನ್ನು ಒಂದು ಮೆಟ್ಟಿಲು ಮೇಲಕ್ಕೆ ತಂದರು. ಎದ್ದಿತು. ಡಿಲೀಟ್ ಕೀಲಿ ಒತ್ತಿ, ಸೆಟಪ್ಪಿನ ನೀಲಿ ಪರದೆಯಲ್ಲಿ ವೇಗವನ್ನೂ ಒಂದಿಷ್ಟು ಇಳಿಸಿದರು. ಆಮೇಲೆ ನನ್ನನ್ನು ದಾಟಿ ಅತ್ತೆಯನ್ನು ನೋಡಿದರು. "ಅಮ್ಮಾರ, ಕೈ ಇಟ್ಟ ನೋಡ್ರಿ. ನೀವು ಹೂಂ ಅಂದ್ರನ ನಾ ಹೋಗ್ತೀನಿ."

ಅತ್ತೆ ಅಂಗೈ ಇಟ್ಟು, ಇನ್ನೂ ಒಂದು ಗಂಟೆ ಹೋಗಲಿ ಎಂದರು. ಸಾಹೇಬರು ಎರಡು ಚಹಾ ಕುಡಿದು ಕಾದರು. ಗಂಟೆ ಕಳೆದ ಮೇಲೆ ಅತ್ತೆ ಮತ್ತೆ ಮುಟ್ಟಿ, ಮಗುವಿನ ಹಣೆ ಮುಟ್ಟಿದಂತೆ ಕೈಯನ್ನು ಹಿಂದುಮುಂದು ಮಾಡಿ, ಹೂಂ ಎಂದರು.

ಯಂತ್ರ ನಿಧಾನವಾಯಿತೆಂದು ಹೆಂಡತಿ ಗೊಣಗಿದಳು. ನನಗಂತೂ ನಂಬಿಕೆ ಬರಲಿಲ್ಲ. ಗುರುವಾರ, ಶುಕ್ರವಾರ ಆಫೀಸಿನಿಂದ ಪಕ್ಕದ ಮನೆಗೆ ಫೋನ್ ಮಾಡಿ, ನಮ್ಮತ್ತೆ ಏನು ಮಾಡುತ್ತಿದ್ದಾರೆಂದು ಕೇಳಿದೆ. ಶನಿವಾರ ಸಂಜೆ ಬಂದಾಗ ಬಟ್ಟೆ ಮಡಕೆಯ ಮೈಮೇಲಿತ್ತು, ಚೊಂಬು ಬಚ್ಚಲಲ್ಲಿ ಬೋರಲಾಗಿತ್ತು. ಅತ್ತೆ ಡಬ್ಬಕ್ಕೆ ಬೆನ್ನು ಹಾಕಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಮರುದಿನ ಹಾಲಿನವನು ಮೂರು ಸಲ ಬೆಲ್ ಒತ್ತಿದ ಮೇಲೆ ನಾನು ಎದ್ದೆ.