ಕೈ ನೆನೆಸದ ಮನೆ

ರಾಗಿ ಹಿಟ್ಟು ಕುದಿನೀರಿಗೆ ಬಿದ್ದ ಕೂಡಲೇ ಏಳುವ ಆ ಹಸಿ ವಾಸನೆ... ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ದಿನವೂ ಮಧ್ಯಾಹ್ನ ರಾಗಿ ಕಳಿಯೇ, ಮುದ್ದೆ ಎನ್ನುತ್ತಾರಲ್ಲ, ಅದೇ. ಸೊಸೆ ಒಲೆಯ ಮುಂದೆ ಕೋಲು ತಿರುಗಿಸುತ್ತಿದ್ದರೆ ನಾನು ನಡುಮನೆಯಲ್ಲಿ ಮೊಣಕಾಲು ನೀವಿಕೊಳ್ಳುತ್ತಾ ಕೂತಿರುತ್ತೇನೆ. ವಾಸನೆ ಬರುತ್ತದೆ, ಅದರ ಹಿಂದೆಯೇ ಟೀಚರಕ್ಕ ಬರುತ್ತಾರೆ. ಬೇಡ ಎಂದರೂ ಬರುತ್ತಾರೆ.

ನಮ್ಮದು ಕಾರಮಡೈ ಬಳಿ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬೀದಿಯ ಕೊನೆಯ ಶಾಲೆಯಲ್ಲಿ ಟೀಚರಕ್ಕ ನನಗೆ ಐದನೆಯ ಕ್ಲಾಸಿನವರೆಗೆ ಪಾಠ ಹೇಳಿದ್ದರು. ತಮಿಳಿನವರು, ಕ್ರೈಸ್ತರು, ಮದುವೆಯಾಗದವರು. ಬಿಳಿ ಸೀರೆ, ಕಪ್ಪು ಕೊಡೆ, ಸವೆದ ಚಪ್ಪಲಿ. ನಾನು ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ ಮೇಲೂ ಕಿಟಕಿಯ ಹತ್ತಿರ ನಿಂತು, "ಏನು ಕಣ್ಣು, ಚೆನ್ನಾಗಿದ್ದೀಯಾ?" ಎಂದು ತಮಿಳಿನಲ್ಲಿ ವಿಚಾರಿಸದೆ ಮುಂದೆ ಹೋಗುತ್ತಿರಲಿಲ್ಲ. ಮುದ್ದಿನವರನ್ನು ತಮಿಳಿನಲ್ಲಿ ಕಣ್ಣು ಎಂದೇ ಕರೆಯುತ್ತಾರೆ.

ಎಂಬತ್ತರ ದಶಕದ ನಡುವಿನ ಮಾತು ಇದು. ಅವರ ಚರ್ಚಿನ ಹೆಂಗಸರು ವರ್ಷಕ್ಕೊಮ್ಮೆ ಬೆಟ್ಟದ ಮೇಲಿನ ಹಳ್ಳಿಗಳಿಗೆ ಸೇವೆಗೆಂದು ಹೋಗುತ್ತಿದ್ದರು. ಹಾಡು, ಪ್ರಾರ್ಥನೆ, ಏಸುವಿನ ಕತೆ. ಜೊತೆಗೆ ಗಾಯಕ್ಕೆ ಔಷಧಿ, ಜ್ವರಕ್ಕೆ ಮಾತ್ರೆ, ಸೋಪು. ಆ ವರ್ಷ ಹೊರಟಿದ್ದ ಹಳ್ಳಿ ಬಹಳ ಒಳಗಿನದು. ಅಲ್ಲಿಯವರಿಗೆ ತಮಿಳು ಅಷ್ಟಕ್ಕಷ್ಟೆ, ಆಡುವ ಮಾತು ನಮ್ಮ ಮನೆಮಾತಿನ ತಂಗಿಯಂಥದು. ಅದಕ್ಕೇ ಟೀಚರಕ್ಕ ನನ್ನನ್ನು ಕೇಳಿಕೊಂಡು ಮನೆಗೆ ಬಂದರು. ಅವರ ದೇವರಿಗೆ ನನ್ನ ನಾಲಿಗೆ ಬೇಕಾಗಿತ್ತು ಎಂದು ನಾನು ಆಮೇಲೆ ತಮಾಷೆ ಮಾಡುತ್ತಿದ್ದುದುಂಟು. ನಿಜ ಹೇಳಬೇಕೆಂದರೆ, ಒಂದು ದಿನ ಮಗ್ಗದಿಂದ ಎದ್ದು ಎಲ್ಲಿಗಾದರೂ ಹೋದರೆ ಸಾಕಾಗಿತ್ತು ನನಗೆ.

ಅಮ್ಮ ಒಪ್ಪಿದಳು. ಹೊರಡುವಾಗ ಬಾಗಿಲ ಮರೆಗೆ ಕರೆದು ಹೇಳಿದಳು: "ಓಗಾದು ಓಗು. ಆದ್ರೆ ಅಲ್ಲಿ ಯಾರ ಮನೇಲೂ ಕೈ ನೆನಸ್ಬ್ಯಾಡ. ಸಂಬಂಧ ಬಂದಿರೋ ಟೈಮು, ಗೊತ್ತಾಯ್ತಾ?"

ನಮ್ಮ ಕಡೆ ಒಬ್ಬರ ಮನೆಯಲ್ಲಿ ಉಣ್ಣುವುದಕ್ಕೆ ಕೈ ನೆನೆಸುವುದು ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಮಾತು ಕೂಡುವವರೆಗೆ ಕೈ ನೆನೆಸುವುದಿಲ್ಲ. ನೆನೆಸಿದರೆ ನಂಟು ಒಪ್ಪಿದ ಹಾಗೆ, ನೆನೆಸದೆ ಎದ್ದರೆ ನೀವು ಬೇರೆ ನಾವು ಬೇರೆ ಎಂದ ಹಾಗೆ. ಆ ತಿಂಗಳು ನನ್ನನ್ನು ನೋಡಿ ಹೋದವರ ಉತ್ತರಕ್ಕೆ ಮನೆಯವರೆಲ್ಲ ಕಾಯುತ್ತಿದ್ದರು. ಬೆಟ್ಟದವರ ಮನೆಯಲ್ಲಿ ಉಂಡಳಂತೆ ಎಂಬ ಸುದ್ದಿ ಬೀದಿಗೆ ಬಿದ್ದರೆ ಕತೆ ಮುಗಿಯಿತು ಎಂದು ಅಮ್ಮನ ಲೆಕ್ಕ. ನಾನೂ ಹೂಂ ಎಂದೆ.

ಐದು ಜನ ಹೆಂಗಸರು, ನಾನು ಆರನೆಯವಳು. ಬಸ್ಸು ನಿಂತ ಕಡೆಯಿಂದ ಮೂರು ಗಂಟೆ ಏರು ದಾರಿ. ಅವರೆಲ್ಲ ಉಪವಾಸ. ಸೇವೆಗೆ ಹೋದ ದಿನ ಸಂಜೆಯ ಪ್ರಾರ್ಥನೆ ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂಬುದು ಅವರ ಕಟ್ಟಳೆ. ಟೀಚರಕ್ಕನ ಮುಖ ಬಾಡಿ ಬದನೆಕಾಯಿಯಾಗಿತ್ತು. ನೂರು ಹೆಜ್ಜೆಗೊಮ್ಮೆ ಕೊಡೆ ಊರಿ ನಿಲ್ಲುತ್ತಿದ್ದರು. ನಾನು ಮಾತ್ರ ಬೆಳಿಗ್ಗೆ ನಾಲ್ಕು ಇಡ್ಲಿ ತಿಂದು ಬಂದಿದ್ದೆ.

ಹಳ್ಳಿ ಎಂದರೆ ಹದಿನೈದು ಗುಡಿಸಲು. ಹಾಡಾಯಿತು, ಕತೆಯಾಯಿತು. ನಾನು ಅಕ್ಕನ ತಮಿಳನ್ನು ನನ್ನ ಮಾತಿಗೆ ತಂದು ಹೇಳಿದೆ, ಜನ ತಲೆದೂಗಿದರು. ಆಮೇಲೆ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಮುಳ್ಳು ಚುಚ್ಚಿದ ಗಾಯ ಕೀವು ತುಂಬಿ ಮೊಣಕಾಲಿನವರೆಗೆ ಊದಿಕೊಂಡಿತ್ತು. ಗುಂಪಿನಲ್ಲಿ ನರ್ಸ್ ಆಗಿದ್ದವರು ನೋಡಿದವರೇ, "ಇವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು, ಇಲ್ಲದಿದ್ದರೆ ಕಾಲು ಉಳಿಯುವುದಿಲ್ಲ" ಎಂದರು. ನಾನು ತಾಯಿಗೆ ತಿಳಿಸಿದೆ. ಅವಳು ಮಗಳ ಮುಖ ನೋಡಿದಳು, ನಮ್ಮ ಮುಖ ನೋಡಿದಳು.

"ಮೊದ್ಲು ಉಣ್ಣಿ. ಆಮೇಲೆ ಕರ್ಕೊಂಡೋಗಿ" ಎಂದಳು.

ಅವಳು ಆಗಲೇ ತನ್ನ ಗುಡಿಸಲಿನಲ್ಲಿ ನಮಗೆಂದು ರಾಗಿ ಕಳಿ ಮಾಡಿ, ಸೊಪ್ಪು ಬೇಯಿಸಿ, ಆರು ಎಲೆ ಹಾಕಿದ್ದಳು. ಒಳಗೆ ಮಡಕೆ ಬರಿದಾಗಿದ್ದು ನನಗೆ ಕಾಣುತ್ತಿತ್ತು. ಇವರಿಗೆ ಉಪವಾಸ ಎಂದು ನಾನು ಹೇಳಿದೆ. ಅವಳ ಮುಖ ಬಿಗಿಯಿತು.

"ನಮ್ಮ ಮನೇಲಿ ಉಣ್ಣದವ್ರ ಕೈಗೆ ಮಗೂನ ಹೆಂಗೆ ಕೊಡ್ಲಿ?"

ಅದನ್ನು ನಾನು ತಮಿಳಿನಲ್ಲಿ ಹೇಳಿದಾಗ ಟೀಚರಕ್ಕ ಒಂದು ಗಳಿಗೆ ಕಣ್ಣು ಮುಚ್ಚಿದರು. ಗುಂಪಿನ ಹಿರಿಯ ಹೆಂಗಸು ಬೇಡ ಎಂದು ತಲೆಯಾಡಿಸುತ್ತಿದ್ದರು. "ದೇವರಿಗೆ ನಾನು ಹೇಳಿಕೊಳ್ಳುತ್ತೇನೆ" ಎಂದು ಅಕ್ಕ ಎಲೆಯ ಮುಂದೆ ಕೂತೇಬಿಟ್ಟರು. ಅವರ ಹಿಂದೆ ಉಳಿದವರೂ ಕೂತರು, ಕೊನೆಗೆ ಆ ಹಿರಿಯರೂ.

ಆರನೆಯ ಎಲೆ ನನ್ನದು.

"ನಂಗೂ ವ್ರತ" ಎಂದೆ.

ತಾಯಿ ನನ್ನನ್ನೇ ನೋಡಿದಳು. "ಅವ್ರ ವ್ರತಾನೇ ಮುಗ್ದೋಯ್ತು. ನಿಂದ್ಯಾವ ವ್ರತ?"

ಕಣ್ಣ ಮುಂದೆ ಅಮ್ಮ, ಬೀದಿ, ನೋಡಿ ಹೋದ ಗಂಡಿನ ಮನೆಯವರು... ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ಕೈ ಮಡಿಲಿನಿಂದ ಏಳಲಿಲ್ಲ. ಅವಳು ಇನ್ನೂ ಸ್ವಲ್ಪ ಕಾದಳು. ಆಮೇಲೆ ನನ್ನ ಎಲೆಯನ್ನು ಎತ್ತಿ ಮಗಳ ಮುಂದೆ ಇಟ್ಟಳು. ಹುಡುಗಿ ಊದಿದ ಕಾಲನ್ನು ಪಕ್ಕಕ್ಕೆ ಚಾಚಿ ಗಬಗಬನೆ ಉಂಡಳು.

"ಅವ್ರು ಪರಭಾಷೇವ್ರು, ಉಂಡ್ರು. ನೀನು ನಮ್ ಮಾತೇ ಆಡ್ತೀಯ, ನೀನು ಉಣ್ಲಿಲ್ಲ. ಮಗು ಇಲ್ಲೇ ಇರ್ಲಿ" ಎಂದಳು.

ಅಕ್ಕ ನನ್ನ ಕಡೆ ತಿರುಗಿ ಏನಂತೆ ಎಂದರು. ಕಳಿಸುವುದಿಲ್ಲವಂತೆ ಎಂದೆ. ಯಾಕೆ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದೆ. ಅವರು ನನ್ನ ಮುಂದಿನ ಖಾಲಿ ನೆಲವನ್ನು ನೋಡಿದರು, ಮತ್ತೆ ಕೇಳಲಿಲ್ಲ. ಆಮೇಲೆ ಎಷ್ಟು ಬೇಡಿಕೊಂಡರೂ ತಾಯಿ ಜಗ್ಗಲಿಲ್ಲ. ಗಾಯ ತೊಳೆದು, ಕಟ್ಟು ಕಟ್ಟಿ, ಮಾತ್ರೆ ಕೊಟ್ಟು ಇಳಿದು ಬಂದೆವು. ಇಳಿಯುವಾಗ ಯಾರೂ ಹಾಡಲಿಲ್ಲ. ಕಾರಮಡೈ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಒಂದು ಬನ್ನು ಕೊಂಡು ನನ್ನ ಕೈಗಿಟ್ಟು, "ನಿನಗೆ ಹಸಿವಾಗಿರಬೇಕು ಕಣ್ಣು" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಯಾರ ಕೈಯಲ್ಲಿ ಬೆಂದ ಬನ್ನೋ, ಅದನ್ನು ಮಾತ್ರ ಪೂರ್ತಿ ತಿಂದೆ.

ಮುಂದಿನ ತಿಂಗಳು ಅವರು ಮತ್ತೆ ಬೆಟ್ಟ ಹತ್ತಿದರು. ನನ್ನನ್ನು ಕರೆಯಲಿಲ್ಲ. ಬಂದ ಮೇಲೆ ಕಿಟಕಿಯ ಹತ್ತಿರ ನಿಂತು, "ಜೀವಕ್ಕೇನೂ ಇಲ್ಲ. ಕಾಲು ಮಡಚಲು ಬರುವುದಿಲ್ಲ. ಕೋಲು ಹಿಡಿದು ನಡೆಯುತ್ತಾಳೆ" ಎಂದರು. ನಾನು ಲಾಳಿ ಎಸೆಯುತ್ತಲೇ ಇದ್ದೆ, ತಲೆ ಎತ್ತಲಿಲ್ಲ.

ಆ ಸಂಬಂಧವೂ ಕೂಡಲಿಲ್ಲ. ಹುಡುಗಿ ಕಪ್ಪು ಎಂದರಂತೆ.

ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಟೀಚರಕ್ಕ ವೆಳ್ಳಕೋಯಿಲಿನ ತಮ್ಮನ ಮನೆಗೆ ಹೋಗಿಬಿಟ್ಟರು. ಒಮ್ಮೆ ಹೋಗಿ ಎಲ್ಲ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ವರ್ಷಗಳನ್ನು ಕಳೆದೆ... ಹೋದದ್ದು ಅವರನ್ನು ಮಣ್ಣು ಮಾಡಿದ ಮಾರನೆಯ ದಿನ. ತಮ್ಮನ ಹೆಂಡತಿ ಊಟಕ್ಕೆ ಏಳಿ ಎಂದಳು. ಅವಳು ಎರಡನೆಯ ಸಲ ಕರೆಯುವ ಮೊದಲೇ ಎಲೆಯ ಮುಂದೆ ಕೂತೆ. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆ.

"ಅತ್ತೆ, ಕಳಿ ಆರೋಗ್ತದೆ, ಬನ್ನಿ" ಎಂದು ಸೊಸೆ ಕೂಗುತ್ತಾಳೆ. ಗೋಡೆ ಹಿಡಿದು ಏಳುತ್ತೇನೆ. ಆ ಹುಡುಗಿಗೆ ಈಗ ನಲವತ್ತು ದಾಟಿರಬೇಕು. ಅವಳೂ ಹೀಗೆಯೇ ಏನನ್ನಾದರೂ ಹಿಡಿದು ಏಳುತ್ತಿರಬೇಕು, ನನ್ನ ಹಾಗೆ ವಯಸ್ಸಾಗಿ ಅಲ್ಲ, ಏಳನೆಯ ವರ್ಷದಿಂದ. ತಟ್ಟೆಯ ಮುಂದೆ ಕೂತು ಕೈ ನೆನೆಸುತ್ತೇನೆ. ಮೊದಲ ತುತ್ತು ಇವತ್ತಿಗೂ ಬಾಯಿಗೆ ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.